ಗಂಟೆಗೆ 70 ಡಾಲರ್ ಎಂಬ ಲೆಕ್ಕದ ಹಿಂದೆ

2008ರ ನವೆಂಬರ್‌ನಲ್ಲಿ ಜನರಲ್ ಮೋಟಾರ್ಸ್, ಫೋರ್ಡ್ ಮತ್ತು ಕ್ರೈಸ್ಲರ್ ಕಾರು ಕಂಪನಿಗಳ ಮುಖ್ಯಸ್ಥರು ಸರ್ಕಾರದ ನೆರವು ಕೋರಿ ವಾಷಿಂಗ್ಟನ್‌ಗೆ ಹೋದಾಗ ಅಮೆರಿಕದ ತುಂಬ ಒಂದೇ ಮಾತು ಹರಡಿತ್ತು: ಕಾರು ಉದ್ಯಮದ ತವರಾದ ಡೆಟ್ರಾಯಿಟ್‌ನ ಕಾರ್ಮಿಕನಿಗೆ ಗಂಟೆಗೆ 70 ಡಾಲರ್ ಕೊಟ್ಟರೆ ಕಂಪನಿ ಉಳಿಯುವುದುಂಟೇ? (ಮೂವರೂ ಬಂದಿಳಿದದ್ದು ಬೇರೆ ಬೇರೆ ಖಾಸಗಿ ವಿಮಾನಗಳಲ್ಲಿ.) ಆದರೆ ಹಲವು ವರ್ಷಗಳಿಂದ ದುಡಿಯುತ್ತಿದ್ದ ಕಾರ್ಮಿಕನ ಕೈಗೆ ಸಿಗುತ್ತಿದ್ದ ಕೂಲಿ ಗಂಟೆಗೆ ಸುಮಾರು 28 ಡಾಲರ್. ಉಳಿದದ್ದರಲ್ಲಿ ಅವನ ವಿಮೆ, ರಜೆ ಇತ್ಯಾದಿ ಸೇರಿದ್ದವು. ಜೊತೆಗೆ, ಎಂದೋ ನಿವೃತ್ತರಾದವರ ಆಸ್ಪತ್ರೆ ಖರ್ಚು ಮತ್ತು ಪಿಂಚಣಿಯನ್ನೂ ಅವನ ತಲೆಗೇ ಕಟ್ಟಲಾಗಿತ್ತು.

ನಿವೃತ್ತರ ಈ ಹೊರೆ ಹುಟ್ಟಿದ ಬಗೆ ಸ್ವಾರಸ್ಯಕರವಾಗಿದೆ. 1936ರ ಡಿಸೆಂಬರ್ ಕೊನೆಯಲ್ಲಿ ಮಿಷಿಗನ್‌ನ ಫ್ಲಿಂಟ್ ಪಟ್ಟಣದ ಜನರಲ್ ಮೋಟಾರ್ಸ್ ಕಾರ್ಮಿಕರು ಕೆಲಸ ನಿಲ್ಲಿಸಿ ಕಾರ್ಖಾನೆಯೊಳಗೇ ಕುಳಿತರು. ಕಾರಿಗೆ ಜೋಡಿಸಬೇಕಿದ್ದ ಸೀಟುಗಳ ಮೇಲೆ ಮಲಗಿದರು, ಪೊಲೀಸರು ನುಗ್ಗಲು ಬಂದಾಗ ಬಾಗಿಲಿನ ಕೀಲುಗಳನ್ನೇ ಎಸೆದರು. 44 ದಿನಗಳ ನಂತರ ಕಂಪನಿ ಅವರ ಸಂಘಕ್ಕೆ, ಅಂದರೆ ವಾಹನ ಕಾರ್ಮಿಕರ ಒಕ್ಕೂಟವಾದ ಯುಎಡಬ್ಲ್ಯುಗೆ (ಯುನೈಟೆಡ್ ಆಟೊ ವರ್ಕರ್ಸ್) ಮಾನ್ಯತೆ ಕೊಟ್ಟಿತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಸಂಘದ ನಾಯಕ ವಾಲ್ಟರ್ ರೂಥರ್, ಕಾರಿನ ಬೆಲೆ ಏರಿಸದೆ ಕೂಲಿಯನ್ನು ಶೇ 30ರಷ್ಟು ಹೆಚ್ಚಿಸಬೇಕೆಂದು ಪಟ್ಟು ಹಿಡಿದರು. ಬೆಲೆ ನಿಗದಿಯಲ್ಲಿ ಕಾರ್ಮಿಕರು ಮೂಗು ತೂರಿಸುವುದನ್ನು ಕಂಪನಿ ಸುತರಾಂ ಒಪ್ಪಲಿಲ್ಲ. ಪಿಂಚಣಿ, ಚಿಕಿತ್ಸೆಗಳ ಹೊಣೆಯನ್ನು ಸರ್ಕಾರವೇ ಎಲ್ಲರ ಪರವಾಗಿ ಹೊರಬೇಕೆಂಬುದು ರೂಥರ್ ಅವರ ಆಸೆಯಾಗಿತ್ತು. ಆದರೆ ಅಧ್ಯಕ್ಷ ಟ್ರೂಮನ್ ಅವರ ರಾಷ್ಟ್ರೀಯ ಆರೋಗ್ಯ ವಿಮೆ ಯೋಜನೆ ಸಂಸತ್ತಿನಲ್ಲೇ ನೆಲಕಚ್ಚಿತು. ಕೊನೆಗೆ 1950ರಲ್ಲಿ ಜನರಲ್ ಮೋಟಾರ್ಸ್ ಜೊತೆ ಐದು ವರ್ಷಗಳ ಒಪ್ಪಂದವಾಯಿತು: ತುಟ್ಟಿಭತ್ಯೆ, ಪಿಂಚಣಿ, ಆರೋಗ್ಯ ವಿಮೆ ಕಾರ್ಮಿಕರಿಗೆ, ಐದು ವರ್ಷಗಳ ನೆಮ್ಮದಿ ಮತ್ತು ಕಾರ್ಖಾನೆ ನಡೆಸುವ ಪೂರ್ಣಾಧಿಕಾರ ಆಡಳಿತ ಮಂಡಳಿಗೆ. ಪೈಪೋಟಿಯೇ ಇಲ್ಲದ ಆ ಕಾಲದಲ್ಲಿ ಖರ್ಚನ್ನು ಗಿರಾಕಿಯ ಮೇಲೆ ಹಾಕಿದರಾಗಿತ್ತು.

1973ರ ತೈಲ ಬಿಕ್ಕಟ್ಟಿನೊಂದಿಗೆ ಜಪಾನಿನ ಕಾರುಗಳ ಪೈಪೋಟಿ ಬಲವಾಗಿ ಆ ಕಾಲ ಮುಗಿಯಿತು. 1981ರಲ್ಲಿ ಜಪಾನಿನ ಕಾರು ರಫ್ತಿಗೆ ಮಿತಿ ಹಾಕಿಸಿದರೆ, ಅಲ್ಲಿನ ಕಂಪನಿಗಳು ಅಮೆರಿಕಕ್ಕೇ ಬಂದು ಕಾರ್ಖಾನೆ ತೆರೆದರು: 1982ರಲ್ಲಿ ಓಹಾಯೊದಲ್ಲಿ ಹೋಂಡಾ, ಮರುವರ್ಷ ಟೆನೆಸ್ಸಿಯಲ್ಲಿ ನಿಸಾನ್. ಎರಡೂ ಕಡೆ ಸಂಘವಿರಲಿಲ್ಲ. ಕೂಲಿಯಲ್ಲಿ ಭಾರಿ ಅಂತರವೇನೂ ಇರಲಿಲ್ಲ, ಆದರೆ ಹೊಸ ಕಂಪನಿಗಳಿಗೆ ಪಿಂಚಣಿದಾರರೇ ಇರಲಿಲ್ಲ. 1979ರ ಸುಮಾರಿಗೆ ಅಮೆರಿಕದಲ್ಲಿ 6 ಲಕ್ಷಕ್ಕೂ ಹೆಚ್ಚು ನೌಕರರಿದ್ದ ಜನರಲ್ ಮೋಟಾರ್ಸ್‌ನಲ್ಲಿ ಬರಬರುತ್ತಾ ದುಡಿಯುವವರಿಗಿಂತ ನಿವೃತ್ತರೇ ಹೆಚ್ಚಾದರು.

ಸಂಘದ ತಪ್ಪೇ ಇರಲಿಲ್ಲವೆಂದರೆ ಅದು ಮುಖಸ್ತುತಿಯಾದೀತು. 1984ರ ‘ಜಾಬ್ಸ್ ಬ್ಯಾಂಕ್’ ವ್ಯವಸ್ಥೆಯಲ್ಲಿ ಕೆಲಸ ಕಳೆದುಕೊಂಡವರೂ ಹೆಚ್ಚುಕಡಿಮೆ ಪೂರ್ತಿ ಸಂಬಳ ಪಡೆಯುತ್ತಿದ್ದರು. ಅನೇಕರು ಪಾಳಿಯ ಹೊತ್ತಿಗೆ ಬಂದು ಒಂದು ಕೋಣೆಯಲ್ಲಿ ಪತ್ರಿಕೆ ಓದುತ್ತಲೋ ಪದಬಂಧ ಬಿಡಿಸುತ್ತಲೋ ಕಾಲ ಕಳೆಯುತ್ತಿದ್ದರು. ಆದರೆ ಅದೇ 1984ರಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನಡೆದದ್ದನ್ನೂ ಹೇಳಬೇಕು. ಗೈರುಹಾಜರಿ, ಜಗಳಗಳಿಗೆ ಕುಖ್ಯಾತವಾಗಿ 1982ರಲ್ಲಿ ಮುಚ್ಚಿದ್ದ ಜನರಲ್ ಮೋಟಾರ್ಸ್ ಕಾರ್ಖಾನೆಯನ್ನು ಟೊಯೋಟ ಸಹಭಾಗಿತ್ವದಲ್ಲಿ ಮತ್ತೆ ತೆರೆಯಲಾಯಿತು. ಬಹುಪಾಲು ಅವೇ ಕೈಗಳು, ಅದೇ ಸಂಘ. ದೋಷ ಕಂಡರೆ ಹಗ್ಗ ಎಳೆದು ಕಾರು ಜೋಡಣೆಯ ಇಡೀ ಸಾಲನ್ನೇ ನಿಲ್ಲಿಸುವ ಅಧಿಕಾರ ಈಗ ಕಾರ್ಮಿಕನಿಗಿತ್ತು. ಸ್ವಲ್ಪ ಕಾಲದಲ್ಲೇ ಅಲ್ಲಿನ ಕಾರುಗಳ ಗುಣಮಟ್ಟ ಜಪಾನಿನವಕ್ಕೆ ಸರಿಸಾಟಿಯಾಯಿತು. ದುಬಾರಿ ಕೂಲಿಯೇ ರೋಗವೆನ್ನುವವರು ಈ ಪ್ರಕರಣವನ್ನು ಎತ್ತುವುದು ಅಪರೂಪ.

2007ರಲ್ಲಿ ಸಂಘ ನಿವೃತ್ತರ ಚಿಕಿತ್ಸಾ ವೆಚ್ಚವನ್ನು ಪ್ರತ್ಯೇಕ ನಿಧಿಗೆ ವರ್ಗಾಯಿಸಲು ಒಪ್ಪಿತು. ಹೊಸಬರಿಗೆ ಹಳಬರ ಅರ್ಧದಷ್ಟು, ಗಂಟೆಗೆ 14 ಡಾಲರ್ ಆಸುಪಾಸಿನ ಕೂಲಿಗೂ ತಲೆಯಾಡಿಸಿತು. ಆದರೂ 2009ರಲ್ಲಿ ಕ್ರೈಸ್ಲರ್, ಜನರಲ್ ಮೋಟಾರ್ಸ್ ದಿವಾಳಿಯಾದವು. ತುಟ್ಟಿಭತ್ಯೆಯೂ ನಿಂತಿತು.

ಅಕ್ಕಪಕ್ಕ ನಿಂತು ಒಂದೇ ಕೆಲಸ ಮಾಡುವ ಇಬ್ಬರಿಗೆ ಎರಡು ಕೂಲಿ ಎಂಬ ಕಹಿ 2023ರ ಮುಷ್ಕರದಲ್ಲಿ ಸ್ಫೋಟಿಸಿತು. ಡೆಟ್ರಾಯಿಟ್‌ನ ಮೂರೂ ಕಂಪನಿಗಳು ಶೇ 25ರಷ್ಟು ಹೆಚ್ಚಳಕ್ಕೆ ಒಪ್ಪಿದವು, ತುಟ್ಟಿಭತ್ಯೆ ಮರಳಿತು. ವಾರಗಳೊಳಗೆ ಟೊಯೋಟ, ಹೋಂಡಾ, ಹ್ಯುಂಡೈ ಕೂಡ ಯಾರೂ ಮುಷ್ಕರ ಹೂಡದೆಯೇ ತಮ್ಮ ಅಮೆರಿಕದ ಕಾರ್ಮಿಕರ ಕೂಲಿ ಏರಿಸಿದವು. 2024ರ ಏಪ್ರಿಲ್‌ನಲ್ಲಿ ಟೆನೆಸ್ಸಿಯ ಫೋಕ್ಸ್‌ವ್ಯಾಗನ್ ಕಾರ್ಮಿಕರು ಸಂಘದ ಪರ ಮತ ಹಾಕಿದರು. ಮರುತಿಂಗಳು ಅಲಬಾಮಾದ ಮರ್ಸಿಡಿಸ್ ಕಾರ್ಮಿಕರು ಬೇಡವೆಂದರು.