ಡೆಸ್ಮೊಡ್ರೋಮಿಕ್: ಸ್ಪ್ರಿಂಗ್ ನಂಬದ ವಾಲ್ವ್

"ಸ್ಪ್ರಿಂಗ್ ಇಲ್ಲಂದ್ರ ವಾಲ್ವ್ ಮುಚ್ಚೋರ್ಯಾರ್ರೀ?"

ಕಲಬುರಗಿಯ ಸೇಡಂ ರಸ್ತೆಯಲ್ಲಿ ನಾನು ಗಾಡಿ ಬಿಡುವ ಗ್ಯಾರೇಜಿನ ಮಿಸ್ತ್ರಿ ಕೇಳಿದ ಪ್ರಶ್ನೆ ಇದು. ನನ್ನ ನೂರು ಸಿಸಿ ಬೈಕಿನ ಟ್ಯಾಪೆಟ್, ಅಂದರೆ ವಾಲ್ವನ್ನು ಒತ್ತುವ ಭಾಗ, ಬಡಿಯುತ್ತಿತ್ತು. ಅವರು ಹೆಡ್ ಕವರ್ ಬಿಚ್ಚಿ ಕೂತಿದ್ದರು. ನಾನು ಸುಮ್ನೆ ಇರಲಾರದೆ, ಇಟಲಿಯ ಡುಕಾಟಿ ಕಂಪನಿಯ ಎಷ್ಟೋ ಬೈಕುಗಳಲ್ಲಿ ವಾಲ್ವ್ ಮುಚ್ಚಲು ಸ್ಪ್ರಿಂಗ್ ಬೇಕಿಲ್ಲ ಅಂದುಬಿಟ್ಟಿದ್ದೆ.

ಆ ಏರ್ಪಾಟಿನ ಹೆಸರು ಡೆಸ್ಮೊಡ್ರೋಮಿಕ್. ಗ್ರೀಕ್ ಮೂಲದ ಪದ. ಡೆಸ್ಮೊಸ್ ಅಂದರೆ ಕಟ್ಟು, ಡ್ರೋಮೊಸ್ ಅಂದರೆ ಓಟ. ಕಟ್ಟಿಹಾಕಿದ ಓಟ ಅನ್ನಬಹುದು. ಬೈಕ್ ಹುಚ್ಚಿನವರು ಮೊಟಕು ಮಾಡಿ 'ಡೆಸ್ಮೊ' ಅಂತಾರೆ.

ವಾಲ್ವ್ ಅಂದರೆ ಎಂಜಿನ್ನಿಗೆ ಗಾಳಿ, ಪೆಟ್ರೋಲ್ ಒಳಬಿಡುವ, ಹೊಗೆ ಹೊರಬಿಡುವ ಸಣ್ಣ ಬಾಗಿಲು. ನಮ್ಮ ಗಾಡಿಗಳಲ್ಲಿ ಕ್ಯಾಮ್ ಅನ್ನುವ ತಿರುಗುವ ಉಬ್ಬು ವಾಲ್ವನ್ನು ಒತ್ತಿ ತೆರೆಯುತ್ತದೆ, ಅಷ್ಟೇ ಅದರ ಕೆಲಸ. ಮುಚ್ಚುವುದು ಸ್ಪ್ರಿಂಗ್. ಹೋಟೆಲಿನ ಅಡುಗೆಮನೆಗೆ ಸ್ಪ್ರಿಂಗ್ ಬಾಗಿಲು ಇರುತ್ತದಲ್ಲ, ಹಾಗೆ. ತಟ್ಟೆ ಹಿಡಿದ ಹುಡುಗ ಭುಜದಿಂದ ತಳ್ಳಿ ಹೋಗುತ್ತಾನೆ, ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಮಧ್ಯಾಹ್ನ ಊಟದ ಗದ್ದಲದಲ್ಲಿ ನೋಡಿ: ಬಾಗಿಲು ಪೂರ್ತಿ ಬಂದು ಕೂರುವ ಮೊದಲೇ ಇನ್ನೊಬ್ಬ ತಳ್ಳಿರುತ್ತಾನೆ. ಅದು ಮುಚ್ಚುವುದೇ ಇಲ್ಲ, ನಡುವೆ ತೂಗಾಡುತ್ತದೆ.

ಎಂಜಿನ್ನಿನಲ್ಲಿ ಇದಕ್ಕೆ ವಾಲ್ವ್ ಫ್ಲೋಟ್ ಅಂತಾರೆ. ನಿಮಿಷಕ್ಕೆ 8,000 ಸುತ್ತು ತಿರುಗುವ ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಒಂದೊಂದು ವಾಲ್ವ್ ಸೆಕೆಂಡಿಗೆ ಸುಮಾರು 67 ಸಲ ತೆರೆದು ಮುಚ್ಚಬೇಕು. ಸ್ಪ್ರಿಂಗ್ ಹಿಂದೆ ಬಿದ್ದರೆ ಪವರ್ ಇಳಿಯುತ್ತದೆ. ತೀರಾ ಹಿಂದೆ ಬಿದ್ದರೆ ಮೇಲೆ ಬರುವ ಪಿಸ್ಟನ್ ವಾಲ್ವಿಗೆ ಗುದ್ದುತ್ತದೆ. ಆಮೇಲೆ ಹೆಡ್ ಬಿಚ್ಚುವುದೇ. ಬಿಗಿ ಸ್ಪ್ರಿಂಗ್ ಹಾಕಬಹುದು ಅಲ್ವಾ ಅಂದರೆ, ಹಾಕಬಹುದು. ಆದರೆ ಅದನ್ನು ಒತ್ತಲಿಕ್ಕೇ ಶಕ್ತಿ ಜಾಸ್ತಿ ಬೇಕು, ಕ್ಯಾಮೂ ಬೇಗ ಸವೆಯುತ್ತದೆ.

ಡೆಸ್ಮೊದಲ್ಲಿ ಬಾಗಿಲು ತಳ್ಳಲು ಒಬ್ಬ, ಎಳೆದು ಮುಚ್ಚಲು ಇನ್ನೊಬ್ಬ. ಒಂದು ಕ್ಯಾಮ್ ರಾಕರ್ ಅನ್ನುವ ಸಣ್ಣ ಸನ್ನೆಯ ಮೂಲಕ ವಾಲ್ವನ್ನು ಕೆಳಗೆ ಒತ್ತುತ್ತದೆ. ಇನ್ನೊಂದು ಕ್ಯಾಮ್ ಬೇರೆ ರಾಕರಿನಿಂದ, ವಾಲ್ವಿನ ಕುತ್ತಿಗೆಗೆ ಕೈಹಾಕಿದಂತೆ, ಅದನ್ನು ಮೇಲಕ್ಕೆತ್ತುತ್ತದೆ. ಹೋಗುವಾಗಲೂ ಬರುವಾಗಲೂ ವಾಲ್ವಿಗೆ ಬಿಡುವಿಲ್ಲ.

ಇದು ಡುಕಾಟಿಯವರೇ ಹುಟ್ಟುಹಾಕಿದ್ದು ಅಂತ ತುಂಬ ಜನ ತಿಳಿದಿದ್ದಾರೆ. ಅಲ್ಲ. 1954ರಲ್ಲಿ ರೇಸ್ ಚಾಲಕ ಫಾಂಜಿಯೊ ಓಡಿಸಿ ಗೆದ್ದ ಮರ್ಸಿಡಿಸ್ ಡಬ್ಲ್ಯು 196 ರೇಸ್ ಕಾರಿನಲ್ಲೂ ಇದೇ ಇತ್ತು. ಡುಕಾಟಿಯ ಎಂಜಿನಿಯರ್ ಫಾಬಿಯೊ ಟಾಲಿಯೋನಿ 1956ರಲ್ಲಿ 125 ಸಿಸಿ ರೇಸ್ ಬೈಕಿಗೆ ಮೂರು ಕ್ಯಾಮ್‌ಶಾಫ್ಟ್ (ಕ್ಯಾಮ್‌ಗಳಿರುವ ದಂಡ) ಇಟ್ಟು ಡೆಸ್ಮೊ ಮಾಡಿದರು. ಅದು ಸ್ವೀಡನ್ನಿನಲ್ಲಿ ಮೊದಲ ಸಲ ಇಳಿದ ರೇಸನ್ನೇ ಗೆದ್ದಿತು. 1968ರಲ್ಲಿ ರಸ್ತೆಯ ಬೈಕಿಗೂ ಬಂತು.

ಹಾಗಾದರೆ ಎಲ್ಲರೂ ಯಾಕೆ ಮಾಡಲಿಲ್ಲ? ಒಂದು, ಸ್ಪ್ರಿಂಗಿನ ಉಕ್ಕು ಸುಧಾರಿಸಿತು. ಇನ್ನೊಂದು, 1986ರಲ್ಲಿ ರೆನೋ ಫಾರ್ಮುಲಾ ಒನ್ ಎಂಜಿನ್ನಿನಲ್ಲಿ ಲೋಹದ ಸ್ಪ್ರಿಂಗ್ ಕಿತ್ತು ಒತ್ತಡದ ಗಾಳಿಯನ್ನೇ ಸ್ಪ್ರಿಂಗ್ ಮಾಡಿತು. ರೇಸ್ ಕಾರುಗಳು ಆ ದಾರಿ ಹಿಡಿದವು. ಮೂರನೆಯದೇ ನನಗೆ ದೊಡ್ಡ ಕಾರಣ ಅನಿಸುತ್ತದೆ: ಟ್ಯಾಪೆಟ್ ಸೆಟ್ಟಿಂಗ್, ಅಂದರೆ ರಾಕರಿಗೂ ವಾಲ್ವಿಗೂ ನಡುವಿನ ಕೂದಲೆಳೆಯಷ್ಟು ಗ್ಯಾಪ್ ಸರಿ ಮಾಡುವುದು. ಡೆಸ್ಮೊದಲ್ಲಿ ಪ್ರತಿ ವಾಲ್ವಿಗೂ ಎರಡು ಗ್ಯಾಪ್, ತೆರೆಯುವ ಕಡೆ ಒಂದು, ಮುಚ್ಚುವ ಕಡೆ ಒಂದು. ಡುಕಾಟಿಯ 16 ವಾಲ್ವಿನ ಪಾನಿಗಾಲೆ ವಿ4 ಬೈಕಿನಲ್ಲಿ 32 ಗ್ಯಾಪ್ ನೋಡಬೇಕು. ಡುಕಾಟಿಯೇ ತನ್ನ ಇನ್ನೊಂದು ಬೈಕ್ ಮಲ್ಟಿಸ್ಟ್ರಾಡಾ ವಿ4ಗೆ ಮಾಮೂಲಿ ಸ್ಪ್ರಿಂಗ್ ಹಾಕಿತು. ಅದರ ವಾಲ್ವ್ ಚೆಕ್ 60,000 ಕಿಲೋಮೀಟರಿಗೊಮ್ಮೆ.

ಮಿಸ್ತ್ರಿ ಎಲ್ಲ ಕೇಳಿಸಿಕೊಂಡರು. ಗ್ಯಾಪ್ ಅಳೆಯುವ ಫೀಲರ್ ಗೇಜಿನ ತೆಳು ಎಲೆಯನ್ನು ರಾಕರ್ ಕೆಳಗೆ ತೂರಿಸಿ, ಹಿಂದೆ ಮುಂದೆ ಎಳೆದು ನೋಡಿ, ನಟ್ ಬಿಗಿ ಮಾಡಿದರು. ಆಮೇಲೆ ಕೇಳಿದರು:

"32 ಗ್ಯಾಪ್ ಸೆಟ್ ಮಾಡೋದಕ್ಕ ಮಜೂರಿ ಎಷ್ಟ್ ತಗೋತಾರ್ರೀ?"