ತಂಬೂರಿಯ ಕುದುರೆಗೆ ಕಾನಸು ಹಾಕುವ ಮೊದಲು

ಹೋದ ಬೇಸಿಗೆಯಲ್ಲಿ ಆಳಂದ ಕಡೆಯವರೊಬ್ಬರು ಕೌದಿಯಲ್ಲಿ ಸುತ್ತಿದ ತಂಬೂರಿಯನ್ನು ಕಲಬುರಗಿಯ ನನ್ನ ಅಂಗಡಿಗೆ ತಂದರು. ಅವರ ಅಜ್ಜನದು, ಮಿರಜ್‌ನಲ್ಲಿ ಮಾಡಿಸಿದ್ದು, ಇಪ್ಪತ್ತು ವರ್ಷ ಅಟ್ಟದ ಮೇಲಿತ್ತಂತೆ. "ಅಣ್ಣಾರ, ಜವಾರಿ ಹೋಗ್ಯಾದ್ರಿ, ಜರಾ ಕಾನಸು ಹೊಡದು ಕೊಡ್ರಿ" ಅಂದರು. 2024ರಲ್ಲಿ ಮಿರಜ್ ತಂಬೂರಿಗೆ ಜಿಐ ಟ್ಯಾಗ್ (ಆ ಊರಿನದೇ ವಸ್ತು ಎಂಬ ಸರ್ಕಾರಿ ಮಾನ್ಯತೆ) ಸಿಕ್ಕ ಮೇಲೆ ಹೀಗೆ ಅಟ್ಟದಿಂದ ಇಳಿಸಿ ತರುವವರು ಜಾಸ್ತಿ ಆಗಿದ್ದಾರೆ, ನನಗೆ ತುಂಬಾ ಖುಷಿ. ಆದರೆ ಕುದುರೆಯನ್ನು, ಅಂದರೆ ತಂತಿಗಳು ಕೂರುವ ಪಟ್ಟಿಯನ್ನು, ಕಾನಸಿನಿಂದ (ಅರದಿಂದ) ಕೆರೆಯುವುದು ಕೊನೆಯ ಕೆಲಸ. ಕೆರೆದು ಹೋದದ್ದು ಮತ್ತೆ ಬರುವುದಿಲ್ಲ.

ನಮ್ಮ ಕಡೆ ಜವಾರಿ ಅಂದರೆ ನಾಟಿ, ಜವಾರಿ ಬೆಳ್ಳುಳ್ಳಿ, ಜವಾರಿ ಸೌತೆಕಾಯಿ ಅಂತೀವಲ್ವಾ. ತಂಬೂರಿಯ ಜವಾರಿ ಬೇರೆ, ಅದು ತಂತಿಯ ಝೇಂಕಾರ. ಕುದುರೆಯ ಮೈ ಚಪ್ಪಟೆಯಾಗಿ ಕಂಡರೂ ಮುಂದಕ್ಕೆ ಕೂದಲೆಳೆಯಷ್ಟು ಇಳಿಜಾರು ಇರುತ್ತದೆ. ಮೀಟಿದ ತಂತಿ ಆ ಇಳಿಜಾರನ್ನು ಸವರುತ್ತಾ ಅಲುಗುತ್ತದೆ, ಮೇಲಿನ ಸ್ವರಗಳು ಒಂದೊಂದಾಗಿ ಅರಳುತ್ತವೆ. ಖರಜದ (ಕೆಳಗಿನ ಷಡ್ಜದ) ತಂತಿಯೊಂದನ್ನೇ ಮೀಟಿದರೂ ಅದರೊಳಗಿಂದ ಗಾಂಧಾರ ಕೇಳಿಸುತ್ತದೆ. ತಂತಿ ಐದು ಭಾಗವಾಗಿ ಅಲುಗುವಾಗ ಹುಟ್ಟುವ ಸ್ವರ ಅದು. ಜವಾರಿ ಮುಚ್ಚಿಕೊಂಡರೆ ಮೊದಲು ಕಳೆದುಹೋಗುವುದೂ ಅದೇ.

ಈ ತಂಬೂರಿಯಲ್ಲಿ ಗಾಂಧಾರ ಇರಲಿಲ್ಲ, ನಿಜ. ಆದರೆ ತಪ್ಪು ಬೇರೆ ಕಡೆ ಇತ್ತು. ಬುರುಡೆ, ಅಂದರೆ ಕೆಳಗಿನ ಸೋರೆ, ಮಹಾರಾಷ್ಟ್ರದ ಮಂಗಳವೇಢೆ, ಪಂಢರಪುರ ಕಡೆ ಬೆಳೆಯುವಂಥದ್ದು, ನಮ್ಮಂಥದ್ದೇ ಒಣ ಸೀಮೆಯ ಗಟ್ಟಿ ಜೀವ. ಪಾಡು ಪಡುವುದು ಮರ. ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಹಗಲೆಲ್ಲ ಮರ ಒಣಗಿ ಕುಗ್ಗುತ್ತದೆ, ರಾತ್ರಿ ಕೂಲರ್‌ನ ಒದ್ದೆ ಗಾಳಿಗೆ ಹಿಗ್ಗುತ್ತದೆ, ಹೀಗೆ ಹಿಗ್ಗಿ ಕುಗ್ಗಿ ಅಂಟು ಬಿಡುತ್ತದೆ. ದಂಡಿ, ಅಂದರೆ ಉದ್ದನೆಯ ಕತ್ತು, ಬುರುಡೆಗೆ ಸೇರುವ ಕಡೆ ಉಗುರು ತೂರುವಷ್ಟು ಬಾಯಿ ಬಿಟ್ಟಿತ್ತು. ದಂಡಿ ಮುಂದಕ್ಕೆ ಬಾಗಿದರೆ ತಂತಿ ಕುದುರೆಯ ಮೇಲೆ ಕೂರುವ ಕೋನವೇ ಬದಲಾಗುತ್ತದೆ, ಆಗ ಎಷ್ಟು ಕೆರೆದರೂ ಸುಮ್ನೆ.

ಹಳೆ ಅಂಟನ್ನು ಬಿಸಿನೀರಿನ ಬಟ್ಟೆಯಿಂದ ನೆನೆಸಿ ತೆಗೆದೆ, ಸರೇಸು (ಪ್ರಾಣಿಯ ಚರ್ಮ, ಎಲುಬಿನಿಂದ ಮಾಡಿದ ಅಂಟು) ಕಾಯಿಸಿ ಹಚ್ಚಿ, ಬಟ್ಟೆಪಟ್ಟಿ ಬಿಗಿದು ಎರಡು ದಿನ ಬಿಟ್ಟೆ. ಬೇರೆ ಅಂಟು ಬೇಡ. ಸರೇಸು ಬಿಸಿ ನೀರಿಗೆ ಬಿಡುತ್ತದೆ, ಮುಂದೆ ಯಾರಾದರೂ ರಿಪೇರಿ ಮಾಡುವಾಗ ಮರ ಒಡೆಯಬೇಕಾಗುವುದಿಲ್ಲ. ಜಾರುತ್ತಿದ್ದ, ತಂತಿ ಬಿಗಿಯುವ ಬಿರಡೆಗಳಿಗೆ ಸೀಮೆಸುಣ್ಣದ ಪುಡಿ ಸಾಕಾಯಿತು.

ಆಮೇಲೆ ಕುದುರೆಯ ಕಾಲು. ಅದರಡಿ ತೆಳು ಕಾಗದ ತೂರಿಸಿ ನೋಡಿ. ಕಾಗದ ಒಳಗೆ ಹೋದರೆ ಕಾಲು ತಬಲಿಯ (ಬುರುಡೆ ಮುಚ್ಚುವ ಹಲಗೆಯ) ಮೇಲೆ ಸರಿಯಾಗಿ ಕೂತಿಲ್ಲ, ನಾದ ಅಲ್ಲೇ ಸೋರುತ್ತಿದೆ ಅಂತ ಅರ್ಥ. ಇದರಲ್ಲಿ ಒಂದು ಕಾಲು ಎದ್ದಿತ್ತು, ಅದನ್ನು ಕೂರಿಸಿದೆ.

ಹೊಸ ತಂತಿ ಹಾಕಿದೆ, ಖರಜಕ್ಕೆ ಹಿತ್ತಾಳೆ, ಉಳಿದ ಮೂರಕ್ಕೆ ಉಕ್ಕು. ಇಷ್ಟು ವರ್ಷ ಮಲಗಿದ ವಾದ್ಯವನ್ನು ಒಂದೇ ಸಲ ಶ್ರುತಿಗೆ ಎಳೆಯಬಾರದು. ನಾನು ಮೂರು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಏರಿಸಿದೆ.

ಇನ್ನು ದಾರ. ತಂತಿಯ ಕೆಳಗೆ ಹತ್ತಿಯ ಎಳೆ ಇಟ್ಟು, ಮೀಟುತ್ತಾ, ಕುದುರೆಯ ಮೇಲೆ ಹಿಂದೆ ಮುಂದೆ ಮೆಲ್ಲಗೆ ಸರಿಸಿ. ಒಂದು ಜಾಗದಲ್ಲಿ ನಾದ ತಟ್ಟನೆ ತೆರೆದುಕೊಳ್ಳುತ್ತದೆ. ಪಂಚಮದ ತಂತಿ ಹಾಗೇ ತೆರೆಯಿತು, ಜೋಡಿ ಷಡ್ಜಗಳೂ ತೆರೆದವು. ಖರಜ ಮಾತ್ರ ಎಲ್ಲಿ ಇಟ್ಟರೂ ಮುಚ್ಚಿಕೊಂಡೇ ಇತ್ತು. ಬೆಳಕಿಗೆ ಓರೆ ಹಿಡಿದು ನೋಡಿದರೆ ತಂತಿ ಕೊರೆದ ಗೀರು ಕಂಡಿತು. ಅಲ್ಲಿ, ಆ ಅರ್ಧ ಇಂಚಿನಲ್ಲಿ ಮಾತ್ರ, ಕಾನಸು ಮುಟ್ಟಿಸಿದೆ. ನಾಲ್ಕು ಸಲ ಉಜ್ಜುವುದು, ತಂತಿ ಕೂರಿಸಿ ಕೇಳುವುದು, ಮತ್ತೆ ತೆಗೆಯುವುದು. ಒಂದು ಮಧ್ಯಾಹ್ನ ಪೂರ್ತಿ ಹೋಯಿತು, ಸಂಜೆಗೆ ಗಾಂಧಾರ ಬಂತು. ತಂಬೂರಿ ತಂದವರು ಕೇಳುತ್ತಾ ಅಲ್ಲೇ ಕಣ್ಣು ಮುಚ್ಚಿ ಕೂತುಬಿಟ್ಟರು.

ಹೊರಡುವಾಗ ಎರಡು ಮಾತು ಹೇಳಿದೆ. ಕೂಲರ್ ಎದುರು ಇಡಬೇಡಿ. ಪಂಚಮವಿಲ್ಲದ ಮಾಲಕೌಂಸ್ ರಾಗ ಹಾಡಲು ಪಂಚಮದ ತಂತಿಯನ್ನು ಮಧ್ಯಮಕ್ಕೆ ಇಳಿಸಿದಾಗ ನಾದ ಮಂಕಾದರೆ ಹೆದರಬೇಡಿ, ದಾರವನ್ನು ತುಸು ಸರಿಸಿ.