ಅಷ್ಟೊಂದು ಕಷ್ಟದ ಕಾಲದಲ್ಲಿ ಕಟ್ಟಡಗಳ ಫೋಟೋ ಯಾಕೆ ತೆಗೆದರು?

“1930ರ ದಶಕದ ಅಮೆರಿಕದಲ್ಲಿ ಜನ ಕೆಲಸ ಕಳೆದುಕೊಂಡು ಬೀದಿಗೆ ಬಿದ್ದಿದ್ದರು. ಫೋಟೋಗ್ರಾಫರ್ ವಾಕರ್ ಇವಾನ್ಸ್ ನೋಡಿದ್ರೆ ಅಂಗಡಿ, ಚರ್ಚು, ಮರದ ಮನೆಗಳ ಫೋಟೋ ತೆಗೆದುಕೊಂಡು ಕೂತಿದ್ದರು. ಯಾಕೆ?” ಇದು ತುಂಬಾ ಜನ ಕೇಳುವ ಪ್ರಶ್ನೆ.

ಜನರನ್ನು ಅವರು ಪೂರ್ತಿ ಬಿಟ್ಟಿರಲಿಲ್ಲ. 1936ರಲ್ಲಿ ಅಲಬಾಮಾದ ಹತ್ತಿ ಗೇಣಿದಾರರ ಮುಖಗಳನ್ನು ತೆಗೆದವರೂ ಅವರೇ. ಆದರೆ ಕಟ್ಟಡಗಳ ಗೀಳು ಹಳೆಯದು. ಹಳೇ ಮನೆಗಳ ಅವರ ಫೋಟೋಗಳನ್ನು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 1933ರಲ್ಲೇ ಪ್ರದರ್ಶನಕ್ಕಿಟ್ಟಿತ್ತು. ಸರ್ಕಾರದ ಗ್ರಾಮೀಣ ಪುನರ್ವಸತಿ ಇಲಾಖೆಗೆ ಸೇರಿದ್ದು ಆಮೇಲೆ, 1935ರಲ್ಲಿ. ಅಲ್ಲಿ ಮೇಲಿದ್ದ ರಾಯ್ ಸ್ಟ್ರೈಕರ್‌ಗೆ ಸರ್ಕಾರದ ಯೋಜನೆಗಳಿಗೆ ಬೆಂಬಲ ತರುವಂಥ ಚಿತ್ರ ಬೇಕಿತ್ತು. ಇವಾನ್ಸ್‌ಗೆ ಪ್ರಚಾರ ಅಂದ್ರೆ ಆಗ್ತಿರಲಿಲ್ಲ. 1937ಕ್ಕೆ ಆ ಕೆಲಸ ಮುಗಿಯಿತು.

ಕ್ಯಾಮೆರಾದ ಕಾರಣವೂ ಇದೆ. ಹೆಚ್ಚಾಗಿ ಬಳಸುತ್ತಿದ್ದದ್ದು 8×10 ಇಂಚಿನ ನೆಗೆಟಿವ್ ಹಾಕುವ ದೊಡ್ಡ ಪೆಟ್ಟಿಗೆ. ಸ್ಟ್ಯಾಂಡ್ ಮೇಲೆ ಕೂರಿಸಿ, ಕಪ್ಪು ಬಟ್ಟೆ ಹೊದ್ದು, ಗಾಜಿನ ಮೇಲೆ ತಲೆಕೆಳಗಾಗಿ ಕಾಣುವ ಚಿತ್ರ ನೋಡಿ ಫೋಕಸ್ ಮಾಡಬೇಕು. ಓಡಾಡುವ ಜನ ಮಸುಕಾಗುತ್ತಾರೆ. ಗೋಡೆಗೆ ಆ ತಾಪತ್ರಯ ಇಲ್ಲ ಅಲ್ವಾ?

ಅಲಬಾಮಾದ ಬರ್ಮಿಂಗ್‌ಹ್ಯಾಮ್ ಹತ್ತಿರದ ರಸ್ತೆಬದಿ ಅಂಗಡಿಯ ಫೋಟೋ ನೋಡಿ, 1936ರದ್ದು. ಮುಂಭಾಗದ ತುಂಬಾ ಕೈಯಲ್ಲಿ ಬರೆದ ಬೋರ್ಡುಗಳು. ಮೀನಿನ ಚಿತ್ರ, ಮೀನಿನ ದರ, ತೂಕದಲ್ಲಿ ಮೋಸವಿಲ್ಲ ಅನ್ನುವ ಭರವಸೆ, ಅದರ ಜೊತೆಗೆ ಮನೆ ಸಾಗಿಸಿಕೊಡುವವನ ಜಾಹೀರಾತು. ಸಾಮಾನು ಸಾಗಿಸುವವನಲ್ಲ, ಮರದ ಮನೆಯನ್ನೇ ಬುಡಸಮೇತ ಎತ್ತಿ ಇನ್ನೊಂದು ಕಡೆ ಇಡುವವನು! ಕೆಳಗೆ ಇಬ್ಬರು ಹುಡುಗರು ಕಲ್ಲಂಗಡಿ ಹಿಡಿದು ನಿಂತಿದ್ದಾರೆ. ದುಡ್ಡಿಲ್ಲದ ಊರಿನಲ್ಲಿ ಗಿರಾಕಿಯನ್ನು ಕರೆಯೋಕೆ ಒಬ್ಬ ಎಷ್ಟು ಒದ್ದಾಡಿದ್ದಾನೆ ಅನ್ನೋದು ಆ ಅಕ್ಷರಗಳಲ್ಲೇ ಕಾಣುತ್ತದೆ. ಅಳುವ ಮುಖ ನೋಡಿದ್ರೆ ಅಯ್ಯೋ ಪಾಪ ಅಂತೀವಿ, ಮುಂದೆ ಹೋಗ್ತೀವಿ. ಈ ಬೋರ್ಡುಗಳನ್ನು ನಿಂತು ಓದಬೇಕಾಗುತ್ತದೆ.

ನನಗೆ ಇನ್ನೂ ಇಷ್ಟವಾದದ್ದು ಪೆನ್ಸಿಲ್ವೇನಿಯಾದ ಬೆತ್ಲೆಹೆಮ್ ಊರಲ್ಲಿ 1935ರಲ್ಲಿ ತೆಗೆದ ಫೋಟೋ. ಮುಂದೆ ಸ್ಮಶಾನದ ಕಲ್ಲಿನ ಶಿಲುಬೆ, ಹಿಂದೆ ಸಾಲುಮನೆಗಳು, ಅದರ ಹಿಂದೆ ಉಕ್ಕಿನ ಕಾರ್ಖಾನೆಯ ಚಿಮಣಿಗಳು. ದೂರ ನಿಂತು ಉದ್ದ ಫೋಕಸ್‌ನ ಲೆನ್ಸ್‌ನಲ್ಲಿ ತೆಗೆದರೆ ನಡುವಿನ ಜಾಗ ಕುಗ್ಗಿದಂತೆ ಕಾಣುತ್ತದೆ. ಇಲ್ಲೂ ಹಾಗೇ, ಮನೆ ಬಾಗಿಲಲ್ಲೇ ಗೋರಿ, ಹಿತ್ತಲಲ್ಲೇ ಕಾರ್ಖಾನೆ.

ಇವು ಸರ್ಕಾರಿ ದುಡ್ಡಲ್ಲಿ ತೆಗೆದ ಚಿತ್ರಗಳು, ಹಾಗಾಗಿ ಅಮೆರಿಕ ಸರ್ಕಾರದ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನ ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ದೊಡ್ಡ ಫೈಲನ್ನೇ ಇಳಿಸಿಕೊಳ್ಳಿ, ಮೊಬೈಲಲ್ಲಿ ಸುಮ್ನೆ ನೋಡಿದ್ರೆ ಆ ಮೀನಿನ ದರ ಓದೋಕಾಗಲ್ಲ.